ವಾಲೀಕಾರನ ಕೈ ಹಿಡಿದು ಬಂದ ಕಳ್ಳ

ಒಮ್ಮೆ ಬಂದು ಹೋದ ರೋಗ ಮತ್ತೆ ಅದೇ ಮೈಗೆ ಬಾರದೆಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ದಡಾರ ಒಮ್ಮೆ ಎದ್ದ ಹುಡುಗನಿಗೆ ಮತ್ತೆ ದಡಾರದ ಭಯವಿಲ್ಲ. ಗದ್ದಬಾವು ಒಮ್ಮೆ ಬಂದು ಇಳಿದರೆ ಮುಗಿಯಿತು. ಸಿಡುಬೆಂಬ ಮಾರಿ ಇದ್ದ ಕಾಲದಲ್ಲಿ ಅದರ ಬಾಯಿಂದ ಉಳಿದು ಬಂದವನೇ ರೋಗಿಯ ಹಾಸಿಗೆಯ ಬಳಿ ಕೂಡ್ರಲು ಯೋಗ್ಯನೆನಿಸಿಕೊಳ್ಳುತ್ತಿದ್ದನು. ಈ ನಂಬಿಕೆ ಸುಳ್ಳೇನೂ ಅಲ್ಲ. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿದ ನಾನು ಇದನ್ನೇ ಸಾವಿರಾರು ಮಕ್ಕಳಿಗೆ ಪಾಠವಾಗಿ ಹೇಳಿದ್ದೇನೆ. ಕರಿಹಲಗೆಯ ಮೇಲೆ ದುಂಡಗಿನ ಬಿಳಿಯ ರಕ್ತಕಣವನ್ನು ಬರೆದು, ಅದಕ್ಕೊಂದು ಕೋಲು ಕೊಟ್ಟು, “ಇವನು ನಮ್ಮ ಮೈಯ ಸಿಪಾಯಿ” ಎಂದು ಹೇಳಿ, ಮಕ್ಕಳನ್ನು ನಗಿಸಿದ್ದೇನೆ. ಆ ಸಿಪಾಯಿಯ ಮನೆಯೊಳಗೇ ವೈರಿ ಬಿಡಾರ ಹೂಡಬಹುದು, ಅದೂ ನಮ್ಮವರ ಕೈ ಹಿಡಿದೇ ಒಳಗೆ ಬರಬಹುದು ಎಂಬ ಪಾಠ ಮಾತ್ರ ನನಗೆ ನಿವೃತ್ತಿಯಾದ ಮೇಲೆ ಆಯಿತು. ಅದರ ಫೀ ದುಬಾರಿಯಾಗಿತ್ತು.

ಮೊದಲು ನಮ್ಮ ಮನೆತನದ ವಿಷಯ ಹೇಳಬೇಕು. ನಾವು ನಾಲ್ಕು ತಾಲೂಕಿನ ಜನ. ನಾನು ಹಾನಗಲ್ಲಿನಲ್ಲಿ, ತಾರಕೇಶ್ವರನ ಗುಡಿಗೆ ಕೂಗಳತೆಯಲ್ಲಿ, ಇದ್ದೇನೆ. ತಂಗಿಯನ್ನು ಶಿಗ್ಗಾಂವಿಗೆ ಕೊಟ್ಟಿದೆ. ತಮ್ಮ ಸವಣೂರಿನಲ್ಲಿ ಅಂಗಡಿ ಇಟ್ಟಿದ್ದಾನೆ. ಮಗಳು ಹಿರೇಕೆರೂರಿನಲ್ಲಿ. 1997ರಲ್ಲಿ ಧಾರವಾಡವನ್ನು ಒಡೆದು ಹಾವೇರಿ ಜಿಲ್ಲೆ ಮಾಡಿದಾಗ, ನಮ್ಮ ನಾಲ್ಕೂ ಮನೆಗಳು ಒಟ್ಟಿಗೇ ಹೊಸ ಜಿಲ್ಲೆಗೆ ಸೇರಿದವು ಎಂದು ನನ್ನ ತಾಯಿ ಸಂತೋಷಪಟ್ಟಿದ್ದಳು. ನಾಲ್ಕೂ ಊರಿನವರಿಗೆ ಒಂದೇ ಮೂಗು. ಸವಣೂರಿನ ಪೇಟೆಯಲ್ಲಿ ನಾನು ಹೋಗುತ್ತಿದ್ದರೆ, ನನ್ನನ್ನು ತಮ್ಮನೆಂದು ತಿಳಿದು ಯಾರಾದರೊಬ್ಬರು ಹೆಗಲ ಮೇಲೆ ಕೈ ಹಾಕದೆ ಬಿಡುವುದಿಲ್ಲ. ಒಮ್ಮೆ ಒಬ್ಬ ಗೃಹಸ್ಥರು ಎಲೆ ಅಡಿಕೆ ಕೊಟ್ಟು, ಖಾರದ ಪೊಟ್ಟಣ ಕಟ್ಟಿಸಿ, ಕಡೆಗೆ ಮೆಲ್ಲಗೆ ಹಳೆಯ ಬಾಕಿಯನ್ನೂ ನೆನಪಿಸಿದರು. “ನಾ ಅವನಲ್ರೀ, ಅವನ ಅಣ್ಣ” ಎಂದಾಗ ಅವರ ಮುಖ ನೋಡುವಂತಿತ್ತು. ಮುಖದ ಹೋಲಿಕೆ ಮನುಷ್ಯನನ್ನು ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ನಾನು ಈ ಕತೆಯನ್ನು ನಗುತ್ತ ಹೇಳುತ್ತಿದ್ದೆ. ಈಗ ಅಷ್ಟು ನಗುವುದಿಲ್ಲ.

2019ರ ಮಳೆಗಾಲದಲ್ಲಿ ಮಗಳ ಹಿರಿಯ ಮಗಳಿಗೆ ಡೆಂಗೀ ಜ್ವರ ಬಂದಿತ್ತು. ಆಗ ಆಕೆಗೆ ಎಂಟು ವರ್ಷ. ಐದು ದಿನ ಮಲಗಿದಳು. ಮೈಮೇಲೆ ಒಂದಿಷ್ಟು ಕೆಂಪು ಗಂಧೆ ಎದ್ದವು. ಆರನೆಯ ದಿನ ಎದ್ದು ಕುಂಟಾಟ ಆಡಿದಳು. “ಹೆಸರು ದೊಡ್ಡದು, ಜ್ವರ ಸಣ್ಣದು” ಎಂದು ನಾವು ಮಾತಾಡಿಕೊಂಡೆವು. ಅಲ್ಲಿಂದ ಐದು ವರ್ಷ ಕಳೆದವು.

2024ರ ಜುಲೈ. ಆ ವರ್ಷ ಇಡೀ ರಾಜ್ಯದಲ್ಲಿ ಡೆಂಗೀಯದೇ ಮಾತು. ವರ್ಷ ಮುಗಿಯುವಷ್ಟರಲ್ಲಿ ರೋಗಿಗಳ ಎಣಿಕೆ ಮೂವತ್ತು ಸಾವಿರವನ್ನು ದಾಟಿತು. ಸೆಪ್ಟೆಂಬರಿನಲ್ಲಿ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಸಾಕಿದ ಮನೆಗೆ ದಂಡ ಹಾಕುವ ನಿಯಮವನ್ನೂ ತಂದಿತು. ನಾನು ಆ ತಿಂಗಳು ಹಿರೇಕೆರೂರಿಗೆ ಹೋಗಿದ್ದೆ. ಒಂದು ಸೋಮವಾರ ಮೊಮ್ಮಗಳು ಶಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ಮಲಗಿದಳು. ತಲೆ ಸಿಡಿಯುತ್ತದೆ, ಕಣ್ಣಿನ ಹಿಂದೆ ನೋಯುತ್ತದೆ ಎಂದಳು. ಮರುದಿನ ಅವಳ ತಮ್ಮನೂ ಮಲಗಿದನು.

“ಅಪ್ಪಾ, ಇಬ್ಬರನೂ ದವಾಖಾನಿಗೆ ಕರಕೊಂಡ ಹೋಗಿ ರಕ್ತಾ ತಪಾಸ ಮಾಡಸೋಣೇನು?” ಎಂದು ಮಗಳು ಕೇಳಿದಳು.

“ಹುಡುಗನ್ನ ಮಾಡಸು. ಆಕಿಗೆ ಒಮ್ಮೆ ಬಂದು ಹೋಗ್ಯಾವಲ್ಲ, ಆಕಿಗೇನೂ ಆಗೂದಿಲ್ಲ” ಎಂದೆನು ನಾನು.

ಮಾಸ್ತರನ ಮಾತು. ಮಗಳು ಎದುರಾಡಲಿಲ್ಲ.

ಹುಡುಗನ ರಕ್ತದಲ್ಲಿ ಡೆಂಗೀ ಇದೆಯೆಂದು ಗೊತ್ತಾಯಿತು. ಅವನ ಸುತ್ತ ಎಲ್ಲರೂ ಕೂತೆವು. ಹುಡುಗಿಗೆ ಜ್ವರದ ಗುಳಿಗೆ ಕೊಟ್ಟು, ಗಂಜಿ ಕುಡಿಸಿ, ಹೊದಿಸಿ ಮಲಗಿಸಿದೆವು. ಶುಕ್ರವಾರ ಬೆಳಿಗ್ಗೆ ಆಕೆಯ ಹಣೆ ಮುಟ್ಟಿ ನೋಡಿದರೆ ತಣ್ಣಗಿದೆ. “ಜ್ವರಾ ಬಿಟ್ಟಾವ!” ಎಂದು ನಾನೇ ಮೊದಲು ಕೂಗಿದೆ. ಮಗಳು ದೇವರ ಮುಂದೆ ಕಾಯಿ ಒಡೆದಳು. ಮಧ್ಯಾಹ್ನ ಹುಡುಗಿ ಹೊಟ್ಟೆ ನೋವೆಂದಳು. ನಾಲ್ಕು ದಿನದ ಉಪವಾಸದ ಹೊಟ್ಟೆ, ನೋಯದೆ ಏನು ಮಾಡೀತು ಎಂದೆ. ಎರಡು ಬಾರಿ ಕಾರಿದಳು. ಸಂಜೆಯ ಹೊತ್ತಿಗೆ ಆಕೆಯ ಕೈಕಾಲು ಬಾವಿಯ ನೀರಿನಂತೆ ತಣ್ಣಗಾಗಿದ್ದವು. ಕರೆದರೆ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದಳು. “ಅಜ್ಜಾ, ಲೈಟ್ ಯಾಕ ಆರಿಸಿರಿ?” ಎಂದಳು. ದೀಪ ಉರಿಯುತ್ತಲೇ ಇದ್ದಿತು.

ಆ ರಾತ್ರಿ ಬಾಡಿಗೆಯ ಗಾಡಿಯಲ್ಲಿ ಹಾವೇರಿಯ ಕಡೆಗೆ ಹೊರಟೆವು. ದಾರಿಯುದ್ದಕ್ಕೂ ಎರಡೂ ಬದಿಗೆ ಮೊಣಕಾಲೆತ್ತರದ ಗೋವಿನಜೋಳ ಗಾಡಿಯ ದೀಪದ ಬೆಳಕಿನಲ್ಲಿ ಬಂದು ಬಂದು ಹಿಂದೆ ಸರಿಯುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಗಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಬಾಯಿಯೊಬ್ಬರು ಇದ್ದರು. ನಾಡಿ ನೋಡಿದರು, ಉಗುರು ಒತ್ತಿ ಬಿಟ್ಟು ಅದು ಮತ್ತೆ ಕೆಂಪಾಗುವ ಹೊತ್ತನ್ನು ಎಣಿಸಿದರು, ಒಂದು ತೊಟ್ಟು ರಕ್ತ ತೆಗೆದರು. “ರಕ್ತ ಗಟ್ಟಿ ಆಗೇದರೀ. ನೀರಿನಂಶ ನರದಿಂದ ಹೊರಗ ಸೋರಲಿಕ್ಕತ್ತದ” ಎಂದರು. ಸಲೈನ್ ಏರಿಸಿದರು. ಮುಂದೆ ಎರಡು ದಿನ ತಾಸಿಗೊಮ್ಮೆ ಬಂದು ಲೆಕ್ಕ ಬರೆದುಕೊಂಡರು. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರವಾಗಿ ಬಂದಿತು, ರಕ್ತ ಎಷ್ಟು ಗಟ್ಟಿಯಾಗಿದೆ ಎಂಬ ಲೆಕ್ಕ. ಪಕ್ಕದ ಹಾಸಿಗೆಯವರೆಲ್ಲ ಪ್ಲೇಟ್‌ಲೆಟ್ಟಿನ ಎಣಿಕೆಯನ್ನು ಜೋಳದ ಧಾರಣೆಯಂತೆ ಕೇಳಿ ಹೇಳಿ ಮಾಡುತ್ತಿದ್ದರು. ಪಪ್ಪಾಯಿ ಎಲೆಯ ರಸದ ಬಾಟಲಿಗಳು ಮಂಚದ ಕೆಳಗೆ ಸಾಲಾಗಿದ್ದವು. ಡಾಕ್ಟರಬಾಯಿ ಮಾತ್ರ ಆ ಎಣಿಕೆಗಿಂತ ರಕ್ತದ ಗಟ್ಟಿತನವನ್ನೇ ಹೆಚ್ಚಾಗಿ ನೋಡುತ್ತಿದ್ದರು. ಈ ರೋಗದ ವೈರಸ್ಸನ್ನು ಕೊಲ್ಲುವ ಔಷಧಿಯೆಂಬುದಿಲ್ಲ. ಸೋರುವ ಹೊತ್ತಿನಲ್ಲಿ ತಕ್ಕಷ್ಟು ನೀರು ತುಂಬುವುದು, ಸೋರಿದ್ದು ಮರಳಿ ಬರುವಾಗ ತುಂಬುವುದನ್ನು ನಿಲ್ಲಿಸುವುದು, ಇಷ್ಟೇ ಚಿಕಿತ್ಸೆ. ಇಷ್ಟನ್ನೇ ಸರಿಯಾಗಿ ಮಾಡಿದರೆ ಬಹುಮಂದಿ ಉಳಿಯುತ್ತಾರೆ.

ಮೂರನೆಯ ದಿನ ಹುಡುಗಿ ಚುರಮರಿ ಬೇಡಿದಳು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಾನು ಅತ್ತೆನು.

ಅಷ್ಟು ಹೊತ್ತಿಗೆ ಅವಳ ತಮ್ಮನು ಹಿರೇಕೆರೂರಿನಲ್ಲಿ ಗಾಳಿಪಟ ಹಾರಿಸುತ್ತಿದ್ದಾನೆಂದು ಫೋನು ಬಂದಿತು. ನನ್ನನ್ನು ಕಾಡಿದ ಪ್ರಶ್ನೆ ಇದೇ. ಒಂದೇ ಮನೆ, ಒಂದೇ ಅನ್ನ, ಬಹುಶಃ ಒಂದೇ ಸೊಳ್ಳೆ. ಹೊಸಬನಾದ ಹುಡುಗನಿಗೆ ಸಣ್ಣ ಜ್ವರ. ಒಮ್ಮೆ ಪಾಠ ಕಲಿತ ಮೈಗೆ ಮರಣದ ಬಾಗಿಲು. ಇದು ಯಾವ ನ್ಯಾಯ? ಡಾಕ್ಟರಬಾಯಿಯನ್ನು ಕೇಳಿದೆ. ಅವರು ಹುಡುಗಿಯ ರಕ್ತ ಪರೀಕ್ಷೆಯ ಕಾಗದ ತೋರಿಸಿ, “ನೋಡ್ರೀ, ಹಳೇ ಪ್ರತಿಕಾಯ ಎಷ್ಟು ಜೋರಾಗಿ ಎದ್ದಾವ. ಇದು ಎರಡನೇ ಸಲದ ಡೆಂಗೀ. ಎರಡನೇದಕ್ಕೇ ಹೆಚ್ಚು ಅಂಜಬೇಕು, ಅಜ್ಜಾರ” ಎಂದರು. ಮುಂದಿನ ಎರಡು ಸಂಜೆ ಪಾಳಿ ಮುಗಿದ ಮೇಲೆ ಒಂದಿಷ್ಟು ಹೊತ್ತು ನಿಂತು ಬಿಡಿಸಿ ಹೇಳಿದರು. ಮನೆಗೆ ಬಂದ ಮೇಲೆ ಮೊಮ್ಮಗಳ ಅಪ್ಪನ ಸಹಾಯದಿಂದ ನಾನೂ ಒಂದಿಷ್ಟು ಓದಿಕೊಂಡೆನು. ತಿಳಿದಷ್ಟನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ.

ಡೆಂಗೀ ವೈರಸ್ಸು ಒಂದಲ್ಲ, ನಾಲ್ಕು. ಒಂದೇ ಮನೆತನದ ನಾಲ್ವರು; ನಮ್ಮ ಹಾಗೆಯೇ ಒಂದೇ ಮೂಗಿನವರು. ಒಬ್ಬನು ಬಂದು ಹೋದರೆ ಅವನ ವಿಷಯದಲ್ಲಿ ಮೈ ಬಹುಕಾಲ ಎಚ್ಚರವಾಗಿರುತ್ತದೆ. ಉಳಿದ ಮೂವರ ವಿಷಯದಲ್ಲಿ ಆ ಎಚ್ಚರ ಕೆಲವು ತಿಂಗಳು, ಹೆಚ್ಚೆಂದರೆ ವರ್ಷವೊಂದೆರಡು ನಡೆಯುತ್ತದೆ. ಆಮೇಲೆ ಉಳಿಯುವುದು ಎಚ್ಚರವಲ್ಲ, ಬರಿಯ ನೆನಪು. ಅರೆಮರೆವಿನ ನೆನಪಿನಿಂದಲೇ ಅನಾಹುತ.

ಹಿಂದೆ ನಮ್ಮ ಹಳ್ಳಿಗಳಲ್ಲಿ ವಾಲೀಕಾರನಿರುತ್ತಿದ್ದನು. ಊರಿಗೆ ಬಂದ ಕಳ್ಳನನ್ನು ಗುರುತಿಸಿ, ರಟ್ಟೆ ಹಿಡಿದು, ಚಾವಡಿಗೆ ತಂದು ನಿಲ್ಲಿಸುವುದು ಅವನ ಕೆಲಸ. ಚಾವಡಿಯ ಬಾಗಿಲು ಕಳ್ಳನಿಗೆ ತೆರೆಯದು. ವಾಲೀಕಾರನ ಪಟ್ಟಿಯನ್ನು ಕಂಡರೆ ತೆರೆಯುತ್ತದೆ. ಒಳಗೆ ಹೋದ ಕಳ್ಳನ ಗತಿ ಮುಗಿದಂತೆ. ನಮ್ಮ ರಕ್ತದಲ್ಲಿ ಪ್ರತಿಕಾಯವೆಂಬುದು ಇಂಥ ವಾಲೀಕಾರ. ಅದಕ್ಕೆ ಎರಡು ತೋಳು, ಒಂದು ಬಾಲ. ತೋಳುಗಳಿಂದ ವೈರಸ್ಸನ್ನು ಹಿಡಿಯುತ್ತದೆ. ಬಾಲವೇ ಅದರ ಪಟ್ಟಿ. ರಕ್ತದಲ್ಲಿ ತಿರುಗುವ ಮೊನೊಸೈಟ್ ಎಂಬ ಬಿಳಿಯ ಕಣಗಳ ಮೈಮೇಲೆ, ಮ್ಯಾಕ್ರೊಫೇಜ್ ಎಂಬ ಅವುಗಳ ಅಣ್ಣತಮ್ಮಂದಿರ ಮೈಮೇಲೆ, ಆ ಬಾಲವನ್ನೇ ಹಿಡಿದೆಳೆಯುವ ಹಿಡಿಕೆಗಳಿವೆ. ಅವಕ್ಕೆ ಎಫ್‌ಸಿ ಗ್ರಾಹಕಗಳೆಂದು ಹೆಸರು. ಹಿಡಿಕೆ ಬಾಲವನ್ನು ಹಿಡಿಯಿತೆಂದರೆ ಕಣ ಆ ಪೊಟ್ಟಣವನ್ನು ನುಂಗಿ, ಒಳಗಿನ ಚೀಲದಲ್ಲಿ ಆಮ್ಲ ಸುರಿದು ಜೀರ್ಣಿಸಿಬಿಡುತ್ತದೆ. ಗುರುತು ಸರಿಯಾಗಿದ್ದು, ಹಿಡಿತ ಬಿಗಿಯಾಗಿದ್ದು, ವೈರಸ್ಸಿನ ಮೈತುಂಬ ಪ್ರತಿಕಾಯಗಳು ಮುತ್ತಿದ್ದರೆ ಎಲ್ಲವೂ ಪಾಠದಲ್ಲಿ ಹೇಳಿದಂತೆಯೇ ನಡೆಯುತ್ತದೆ.

ಈಗ ಬಂದವನು ಹಳೆಯ ಕಳ್ಳನಲ್ಲ, ಅವನ ತಮ್ಮ. ವಾಲೀಕಾರನಿಗೆ ಮೂಗಿನ ಗುರುತು ಸಿಕ್ಕಿದೆ, ಹಿಡಿಯುತ್ತಾನೆ. ಆದರೆ ಅಳತೆ ಸರಿಹೊಂದದೆ ಹಿಡಿತ ಸಡಿಲ. ಸಡಿಲ ಹಿಡಿತದಲ್ಲಿಯೇ ಚಾವಡಿಗೆ ತರುತ್ತಾನೆ. ಪಟ್ಟಿ ಕಂಡು ಬಾಗಿಲು ತೆರೆಯುತ್ತದೆ. ಒಳಗೆ ಹೋದ ಕಳ್ಳನು ತೋಳು ಕೊಡವಿಕೊಂಡು ಬಿಡುತ್ತಾನೆ. ವಿಚಿತ್ರವೆಂದರೆ, ಜೀರ್ಣಿಸಲೆಂದು ಕಣ ಸುರಿಯುವ ಆಮ್ಲವೇ ಈ ವೈರಸ್ಸಿಗೆ ಬೀಗದ ಕೈ. ಆಮ್ಲ ತಾಕಿದೊಡನೆ ಅದರ ಹೊರಕವಚ ರೂಪ ಬದಲಿಸಿ, ಚೀಲದ ಗೋಡೆಗೆ ಬೆಸೆದುಕೊಂಡು, ತನ್ನ ತಿರುಳನ್ನು ಕಣದೊಳಕ್ಕೆ ಇಳಿಸುತ್ತದೆ. ಮುಂದೆ ಆ ಕಣ ಸಿಪಾಯಿಯಲ್ಲ, ವೈರಸ್ಸಿನ ಕಾರಖಾನೆ. ರಕ್ತದಲ್ಲಿ ವೈರಸ್ಸು ಏರುತ್ತದೆ. ಜೊತೆಗೆ ಎನ್‌ಎಸ್1 ಎಂಬ ಅದರ ಪ್ರೋಟೀನೂ ಹರಡಿ ರಕ್ತನಾಳದ ಒಳಮೈಯನ್ನು ಸಡಿಲಿಸುತ್ತದೆ. ಸೋಂಕಿತ ಕಣಗಳು ಹೊಡೆಯುವ ಡಂಗುರಕ್ಕೆ ಎಲ್ಲ ಸಿಪಾಯಿಗಳೂ ಒಮ್ಮೆಲೇ ಎದ್ದು ಗಲಭೆಯಾಗುತ್ತದೆ. ವೈರಸ್ಸು ಇಳಿಯತೊಡಗಿ ಜ್ವರ ಬಿಡುವ ಹೊತ್ತಿಗೇ ಈ ಗಲಭೆ ಶಿಖರಕ್ಕೇರಿ ನಾಳಗಳು ಸೋರುತ್ತವೆ. ನಾನು “ಜ್ವರಾ ಬಿಟ್ಟಾವ” ಎಂದು ಕೂಗಿದೆನಲ್ಲ, ಸರಿಯಾಗಿ ಅದೇ ಗಳಿಗೆ.

ಇದನ್ನು ಕಂಡುಹಿಡಿದ ಕತೆಯೂ ಸ್ವಾರಸ್ಯವಾಗಿದೆ. 1950ರ ದಶಕದಲ್ಲಿ ಮೊದಲು ಮನಿಲಾದಲ್ಲಿ, ಆಮೇಲೆ ಬ್ಯಾಂಕಾಕಿನಲ್ಲಿ, ಮಕ್ಕಳು ರಕ್ತಸ್ರಾವದ ಹೊಸ ಜ್ವರದಿಂದ ಸಾಯತೊಡಗಿದರು. ಅಲ್ಲಿ ಕೆಲಸ ಮಾಡಿದ ಸ್ಕಾಟ್ ಹಾಲ್‌ಸ್ಟೆಡ್ ಎಂಬ ಅಮೆರಿಕದ ವೈದ್ಯರು 1960ರ ದಶಕದಲ್ಲಿ ಒಂದು ವಿಷಯ ಗಮನಿಸಿದರು. ವಿಷಮಿಸಿದ ಮಕ್ಕಳಲ್ಲಿ ಹೆಚ್ಚಿನವರು ಎರಡನೆಯ ಸಲ ಡೆಂಗೀಗೆ ತುತ್ತಾದವರು. ಇನ್ನೊಂದು ಗುಂಪು, ವರ್ಷ ತುಂಬದ ಕೂಸುಗಳದು. ಅವಕ್ಕೆ ಅದೇ ಮೊದಲನೆಯ ಸಲ. ಆದರೆ ತಾಯಂದಿರಿಗೆ ಹಿಂದೆ ಡೆಂಗೀ ಬಂದಿತ್ತು. ಇಬ್ಬರಲ್ಲಿಯೂ ಸಮಾನವಾದದ್ದು ಒಂದೇ: ಹಳೆಯ ಪ್ರತಿಕಾಯ. ಒಬ್ಬರದು ಸ್ವಂತ ಗಳಿಕೆ, ಇನ್ನೊಬ್ಬರದು ತಾಯಿಯ ಬಳುವಳಿ. ಅದೇ ಹೊತ್ತಿಗೆ, 1964ರಲ್ಲಿ, ಆಸ್ಟ್ರೇಲಿಯದ ಹಾಕ್ಸ್ ಎಂಬವರು ಇದೇ ಬಳಗದ ಬೇರೆ ವೈರಸ್ಸುಗಳ ಮೇಲೆ ಪ್ರಯೋಗ ಮಾಡುವಾಗ, ಪ್ರತಿಕಾಯವನ್ನು ತೀರ ತೆಳುವಾಗಿ ಬೆರೆಸಿದರೆ ವೈರಸ್ಸು ಕಡಿಮೆಯಾಗುವ ಬದಲು ಹೆಚ್ಚುತ್ತದೆಂದು ಕಂಡಿದ್ದರು. 1977ರಲ್ಲಿ ಹಾಲ್‌ಸ್ಟೆಡ್ ಮತ್ತು ಒ'ರೂರ್ಕ್ ಅವರು, ಹೀಗೆ ಹೆಚ್ಚುವ ಜಾಗ ಮೊನೊಸೈಟು ಎಂದು ಗಾಜಿನ ಪಾತ್ರೆಯಲ್ಲಿ ತೋರಿಸಿದರು.

ಪಂಡಿತರು ಒಪ್ಪಲು ಕಾಲ ಬೇಕಾಯಿತು. ಕ್ಯೂಬಾ ದ್ವೀಪ ತಾನೇ ಒಂದು ಸಾಕ್ಷಿಯಾಯಿತು. ಅಲ್ಲಿ 1977ರಲ್ಲಿ ಒಂದನೆಯ ಬಗೆಯ ಡೆಂಗೀ ದೇಶವೆಲ್ಲ ಹರಡಿ ಸೌಮ್ಯವಾಗಿ ಹೋಯಿತು. 1981ರಲ್ಲಿ ಎರಡನೆಯ ಬಗೆ ಬಂದಿತು: 3,44,203 ಮಂದಿಗೆ ಜ್ವರ, 158 ಸಾವು, ಅವರಲ್ಲಿ 101 ಮಕ್ಕಳು. ಆಮೇಲೆ 1997ರಲ್ಲಿ ಸಾಂಟಿಯಾಗೊ ಪಟ್ಟಣದಲ್ಲಿ ಮತ್ತೆ ಅದೇ ಎರಡನೆಯ ಬಗೆ. ಈ ಸಲ ವಿಷಮಿಸಿದವರೆಲ್ಲ ದೊಡ್ಡವರು. ಇಪ್ಪತ್ತು ವರ್ಷದ ಹಿಂದೆ ಒಂದನೆಯದನ್ನು ಕಂಡವರು ಅವರೇ ತಾನೆ! ಆಮೇಲೆ ಹುಟ್ಟಿದ ಮಕ್ಕಳಿಗೆ ಹಳೆಯ ನೆನಪಿರಲಿಲ್ಲ. ಅದರಿಂದಲೇ ಅವರು ಪಾರಾದರು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಮೊಮ್ಮಕ್ಕಳಿಬ್ಬರ ಕತೆಯನ್ನು ಎಷ್ಟೋ ಮೊದಲೇ ಒಂದು ದ್ವೀಪ ಬರೆದಿಟ್ಟಿತ್ತು.

ಹಾಗಾದರೆ ಪ್ರತಿಕಾಯವೇ ಕೆಟ್ಟದ್ದೇ? ಅಲ್ಲ. ನಿಕರಾಗುವಾ ದೇಶದಲ್ಲಿ ಹನ್ನೆರಡು ವರ್ಷ ಆರು ಸಾವಿರಕ್ಕೂ ಹೆಚ್ಚು ಮಕ್ಕಳ ರಕ್ತವನ್ನು ವರ್ಷ ವರ್ಷವೂ ಅಳೆದು 2017ರಲ್ಲಿ ಪ್ರಕಟಿಸಿದ ಲೆಕ್ಕ ಇದಕ್ಕೆ ಉತ್ತರ ಕೊಡುತ್ತದೆ. ಪ್ರತಿಕಾಯವೇ ಇಲ್ಲದವರಿಗೆ ಅಪಾಯ ಕಡಿಮೆ. ತುಂಬ ಇದ್ದವರಿಗೆ ರಕ್ಷಣೆ. ನಡುವಿನ ಒಂದು ಇಕ್ಕಟ್ಟಾದ ಪ್ರಮಾಣದಲ್ಲಿ ಇದ್ದವರಿಗೆ ಮಾತ್ರ ಅಪಾಯ ಏಳು ಪಟ್ಟಿಗಿಂತ ಹೆಚ್ಚು. ಅರೆವಿದ್ಯೆ ಅಪಾಯವೆಂದು ನಾವು ಮಾಸ್ತರರು ಹೇಳುತ್ತ ಬಂದದ್ದು ರಕ್ತಕ್ಕೂ ಅನ್ವಯಿಸುತ್ತದೆ. ಈ ತಿಳಿವಳಿಕೆಯನ್ನು ಕಡೆಗಣಿಸಿದ್ದಕ್ಕೆ ಫಿಲಿಪ್ಪೀನ್ಸ್ ಬೆಲೆ ತೆತ್ತಿತು. 2016ರಿಂದ ಅಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಎಂಬ ಲಸಿಕೆ ಹಾಕಿದರು. ಹಿಂದೆ ಡೆಂಗೀ ಬಾರದ ಮಗುವಿಗೆ ಅದು ಮೊದಲ ಜ್ವರದಂತೆ ಅರೆನೆನಪನ್ನು ಕೊಟ್ಟು, ಮುಂದೆ ಬರುವ ನಿಜವಾದ ಜ್ವರವನ್ನು ವಿಷಮಗೊಳಿಸಬಹುದೆಂದು 2017ರ ನವೆಂಬರಿನಲ್ಲಿ ತಯಾರಕರೇ ತಿಳಿಸಿದರು. ಡಿಸೆಂಬರಿನಲ್ಲಿ ಲಸಿಕೆ ಹಾಕುವುದು ನಿಂತಿತು. ನಮ್ಮ ದೇಶದಲ್ಲಿ 2024ರ ಆಗಸ್ಟಿನಲ್ಲಿ ‘ಡೆಂಗಿಆಲ್’ ಎಂಬ ದೇಶೀಯ ಲಸಿಕೆಯ ದೊಡ್ಡ ಪರೀಕ್ಷೆ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಆರಂಭವಾಯಿತು. ನಾಲ್ವರನ್ನೂ ಒಟ್ಟಿಗೆ ಗುರುತಿಸುವಂತೆ ವಾಲೀಕಾರನಿಗೆ ಕಲಿಸಬೇಕೆಂಬುದು ಅದರ ಉದ್ದೇಶ.

ಎಲ್ಲ ಎರಡನೆಯ ಜ್ವರವೂ ವಿಷಮಿಸುವುದಿಲ್ಲವೆಂಬುದನ್ನೂ ಹೇಳಬೇಕು. ಬಹುಪಾಲು ಸುಖವಾಗಿಯೇ ಮುಗಿಯುತ್ತವೆ. ಯಾರದು ಹೇಗಾದೀತೆಂಬುದರಲ್ಲಿ ಬಾಗಿಲುಗಳ ಕಟ್ಟಣಿಗೆಗೂ ಪಾಲಿದೆಯಂತೆ. ಮೊದಲ ಜ್ವರದಲ್ಲಿ ವಾಲೀಕಾರನೇ ಇರುವುದಿಲ್ಲವಷ್ಟೆ. ಆಗ ವೈರಸ್ಸು ಚರ್ಮದಲ್ಲಿ ಕಾವಲಿರುವ ಡೆಂಡ್ರಿಟಿಕ್ ಕಣಗಳ ‘ಡಿಸಿ-ಸೈನ್’ ಎಂಬ ಇನ್ನೊಂದು ಹಿಡಿಕೆಗೆ ಜೋತು ಒಳಗೆ ಹೋಗುತ್ತದೆ. ಆ ಹಿಡಿಕೆ ಎಷ್ಟು ತಯಾರಾಗಬೇಕೆಂಬುದನ್ನು ನಿಯಂತ್ರಿಸುವ ಜೀನಿನ ಭಾಗದಲ್ಲಿ ಒಂದೇ ಅಕ್ಷರ ಬೇರೆಯಾದರೆ ರೋಗದ ಬಗೆಯೂ ಬೇರೆಯಾಗುತ್ತದೆಂದು 2005ರಲ್ಲಿ ಥಾಯ್ಲೆಂಡಿನ ರೋಗಿಗಳನ್ನು ನೋಡಿ ಕಂಡುಕೊಂಡರು. ಎಫ್‌ಸಿ ಹಿಡಿಕೆಯಲ್ಲಿಯೂ ಇಂಥ ವ್ಯತ್ಯಾಸವನ್ನು ವಿಯೆಟ್ನಾಮಿನಲ್ಲಿ, ಕ್ಯೂಬಾದಲ್ಲಿ ಕಂಡಿದ್ದಾರೆ. ಬೇರೆ ರೋಗಗಳಲ್ಲಿಯೂ ಇದೇ ನ್ಯಾಯ. ಏಡ್ಸಿನ ವೈರಸ್ಸು ಬಿಳಿಯ ಕಣದೊಳಗೆ ಹೋಗಲು ಸಿಸಿಆರ್5 ಎಂಬ ಎರಡನೆಯ ಅಗುಳಿಯೂ ಬೇಕು. ತಂದೆ ತಾಯಿ ಇಬ್ಬರಿಂದಲೂ ಮುರುಕು ಅಗುಳಿಯನ್ನೇ ಪಡೆದ ಕೆಲವರನ್ನು ಆ ರೋಗ ಸಾಮಾನ್ಯವಾಗಿ ಮುಟ್ಟದೆಂದು 1996ರಲ್ಲಿ ತಿಳಿಯಿತು. ಕೋವಿಡ್ಡಿನ ವೈರಸ್ಸಿಗೆ ಮೊನೊಸೈಟಿನಲ್ಲಿ ತನ್ನ ಎಂದಿನ ಬಾಗಿಲಿಲ್ಲ. ಆದರೂ ರೋಗಿಗಳ ರಕ್ತದಲ್ಲಿ ನೂರಕ್ಕೆ ಆರರಷ್ಟು ಮೊನೊಸೈಟುಗಳೊಳಗೆ ಅದು ಇದ್ದಿತೆಂದೂ, ಅಲ್ಲಿಯೂ ಪ್ರತಿಕಾಯದ ಬಾಲವೇ ದಾರಿಯಾಯಿತೆಂದೂ, ಹಾಗೆ ತುತ್ತಾದ ಕಣಗಳು ಒಡೆದು ಉರಿ ಹೆಚ್ಚಿಸಿದವೆಂದೂ 2022ರಲ್ಲಿ ಬೋಸ್ಟನ್ನಿನ ಸಂಶೋಧಕರು ತೋರಿಸಿದರು.

ಇವೆಲ್ಲ ದೂರದ ಊರುಗಳೆಂದು ನಾವು ಸುಮ್ಮನಿರುವಂತಿಲ್ಲ. ಹಾನಗಲ್ಲಿನ ಮಗ್ಗುಲಲ್ಲೇ ಇರುವ ಸೊರಬ ತಾಲೂಕಿನ ಕ್ಯಾಸನೂರಿನ ಅಡವಿಯಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಉಣ್ಣೆಹುಳದಿಂದ ಜನರಿಗೂ ರೋಗ ತಗಲಿ, ಲೋಕಕ್ಕೇ ಹೊಸದಾದ ಒಂದು ವೈರಸ್ಸು ಸಿಕ್ಕಿತು. ಅದು ಡೆಂಗೀಯ ಬಳಗದ್ದೇ. ನಾನು ಹುಡುಗನಾಗಿದ್ದಾಗ “ಆ ಕಡೆಯ ಅಡವ್ಯಾಗ ಕಟಿಗಿಗೆ ಹೋಗಬ್ಯಾಡ್ರೋ” ಎಂದು ಹಿರಿಯರು ಗದರುತ್ತಿದ್ದರು. ಆಗ ಭಯ ಅಡವಿಯಲ್ಲಿದ್ದಿತು. ಈಗ ಅದು ಬಚ್ಚಲಮನೆಗೆ ಬಂದಿದೆ.

ಬಚ್ಚಲವೆಂದದ್ದು ಸುಮ್ಮನೆ ಅಲ್ಲ. ಡೆಂಗೀಯ ಸೊಳ್ಳೆ, ಕಾಲಿಗೆ ಬಿಳಿಯ ಪಟ್ಟಿ ಕಟ್ಟಿದ, ಹಗಲು ಕಚ್ಚುವ ಈಡಿಸ್ ಸೊಳ್ಳೆ, ಗಟಾರವನ್ನು ಬಯಸುವುದಿಲ್ಲ, ತಿಳಿನೀರಿನ ಹೆಂಗಸು. ನಮ್ಮ ಸೀಮೆಯಲ್ಲಿ ನಳಕ್ಕೆ ದಿನಾಲು ನೀರು ಬರುವ ಮನೆ ಪುಣ್ಯವಂತರ ಮನೆ. ಆದುದರಿಂದ ಹಂಡೆ, ಹರವಿ, ಬ್ಯಾರಲ್ಲು, ದನದ ಬಾನಿ, ಅಟ್ಟದ ಮೇಲಿನ ಪ್ಲಾಸ್ಟಿಕ್ಕಿನ ಟಾಕಿ, ಎಲ್ಲದರಲ್ಲಿಯೂ ನೀರು ತುಂಬಿಡುವುದು ಗೃಹಿಣಿಯ ಜಾಣತನ. ಈ ಜಾಣತನವೇ ಸೊಳ್ಳೆಯ ತೊಟ್ಟಿಲು. ಹಿರೇಕೆರೂರಿನ ಮನೆಯ ಹಿತ್ತಲಲ್ಲಿ ಒಂದು ಒಡಕು ಬಾನಿ ಇತ್ತು. ದನ ಮಾರಿ ಎಷ್ಟೋ ವರ್ಷವಾದರೂ ಬಾನಿಯನ್ನು ಯಾರೂ ತೆಗೆದಿರಲಿಲ್ಲ. ಗುಬ್ಬಿ ನೀರು ಕುಡಿಯಲೆಂದು ದಿನಾಲು ಒಂದು ತಂಬಿಗೆ ನೀರು ಹಾಕುತ್ತಿದ್ದವನು ನಾನೇ. ದವಾಖಾನೆಯಿಂದ ಬಂದ ದಿನ ಬಗ್ಗಿ ನೋಡಿದರೆ ನೀರಿನಲ್ಲಿ ಅಲ್ಪವಿರಾಮದಂಥ ಮರಿಗಳು ತಲೆಕೆಳಗಾಗಿ ತೇಲಾಡುತ್ತಿದ್ದವು. ಮೊಟ್ಟೆಯಿಂದ ರೆಕ್ಕೆಯವರೆಗೆ ಅವಕ್ಕೆ ವಾರ ಹತ್ತು ದಿನ ಸಾಕು. ನೀರು ಚೆಲ್ಲಿದರೆ ಮಾತ್ರ ಸಾಲದು. ಗೋಡೆಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದು ಮತ್ತೆ ನೀರು ಕಂಡೊಡನೆ ಒಡೆಯುತ್ತವೆ. ತಿಕ್ಕಿ ತೊಳೆಯಬೇಕು.

ಮಗಳಿಗೆ ಬಾನಿಯನ್ನು ತೋರಿಸಿದೆ. ಆಕೆ ಸ್ವಲ್ಪ ಹೊತ್ತು ನೋಡಿ, “ಇರಲಿ ಬಿಡಪ್ಪಾ, ಗುಬ್ಬಿಗೆ ಬ್ಯಾರೆ ಬೋಗಾಣಿ ಇಡೂನು, ದಿನಾ ತೊಳದು” ಎಂದಳು. ಅಷ್ಟೇ. ಆ ರಾತ್ರಿ ಗಾಡಿಯಲ್ಲಿ ಆಡದೆ ಉಳಿದ ಮಾತು ಅಲ್ಲಿ ಮುಗಿಯಿತೆಂದು ನಾನು ತಿಳಿದಿದ್ದೇನೆ.

ಮೊಮ್ಮಗಳು ಈಗ ಚೆನ್ನಾಗಿದ್ದಾಳೆ. ಆದರೆ ಕತೆ ಪೂರ್ತಿ ಮುಗಿದಿಲ್ಲ. ಸವಣೂರಿನಲ್ಲಿ ತಮ್ಮನ ಸೊಸೆ ಹಡೆದಿದ್ದಾಳೆ. ಆಕೆಗೆ ಹಿಂದೊಮ್ಮೆ ಡೆಂಗೀ ಬಂದು ಹೋಗಿದೆ. ಕೂಸಿಗೆ ಈ ತಿಂಗಳು ಏಳು ತುಂಬಿತು. ತಾಯಿ ಗರ್ಭದಲ್ಲಿದ್ದಾಗ ಕೊಟ್ಟ ಪ್ರತಿಕಾಯಗಳು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕೂಸನ್ನು ಕಾಯುತ್ತವೆ. ಕರಗುತ್ತ ಕರಗುತ್ತ ಅರ್ಧ ವರ್ಷದ ಆಚೆ ಈಚೆ ಆ ಇಕ್ಕಟ್ಟಿನ ಪ್ರಮಾಣಕ್ಕೆ ಬರುತ್ತವೆ. ವರ್ಷದ ಹೊತ್ತಿಗೆ ಇಲ್ಲವಾಗಿ ಅಪಾಯವೂ ಇಳಿಯುತ್ತದೆ. ಬ್ಯಾಂಕಾಕಿನಲ್ಲಿ ಹಾಲ್‌ಸ್ಟೆಡ್ಡರು ಕಂಡ ಕೂಸುಗಳ ವಯಸ್ಸು ಇದೇ.

ಆದುದರಿಂದ ನಾನು ಪ್ರತಿ ಶುಕ್ರವಾರ ಬೆಳಗಿನ ಬಸ್ಸಿಗೆ ಹಾನಗಲ್ಲಿನಿಂದ ಸವಣೂರಿಗೆ ಹೋಗುತ್ತೇನೆ. ತಮ್ಮನ ಮನೆಯ ಹಂಡೆ ಹರವಿಗಳನ್ನೆಲ್ಲ ಬೋರಲು ಹಾಕಿ, ತೆಂಗಿನ ನಾರಿನಿಂದ ಅಂಚು ತಿಕ್ಕಿ, ಬಿಸಿಲಿಗೆ ಇಡುತ್ತೇನೆ. ಟಾಕಿಯ ಮುಚ್ಚಳದ ಸುತ್ತ ಬಟ್ಟೆ ಕಟ್ಟುತ್ತೇನೆ. ಕೂಸಿನ ತೊಟ್ಟಿಲಿಗೆ ಹಗಲೂ ಪರದೆ ಹಾಕಿಸಿದ್ದೇನೆ. “ಮಾಸ್ತರಿಗೆ ಗುಂಗಾಡದ ಹುಚ್ಚು ಹಿಡದದ” ಎಂದು ಓಣಿಯವರು ನಗುತ್ತಾರೆ. ಮೊದಮೊದಲು ತಮ್ಮನೂ ನಗುತ್ತಿದ್ದನು. ಹೋದ ವಾರ ನಾನು ಹೋದಾಗ ಹರವಿಗಳು ಆಗಲೇ ಬಿಸಿಲಲ್ಲಿ ಬೋರಲು ಬಿದ್ದಿದ್ದವು. ಎದುರುಮನೆಯ ಕಟ್ಟೆಯ ಮೇಲೂ ಎರಡು ಹರವಿ ಬೋರಲು.

ಆ ಮನೆಯ ಮುದುಕಿ ನನ್ನನ್ನು ಕಂಡು, ತಮ್ಮನೆಂದೇ ತಿಳಿದು, “ನಿಮ್ಮ ಅಣ್ಣ ಇವತ್ತ ಬರೂದಿಲ್ಲೇನೋ?” ಎಂದು ಕೇಳಿದಳು.

“ಬರತಾನವ್ವಾ, ಬರತಾನ” ಎಂದು ಹೇಳಿ ನಾನು ಒಳಗೆ ಹೋದೆನು.